ಬೋಣಿ ಹೊತ್ತಿನ ನಿಂಬೆಹಣ್ಣು

ರಕ್ತವೆಲ್ಲ ತಲೆಗೆ ಇಳಿದಿತ್ತು!

ಹುಮನಾಬಾದಿನ ಒಂದು ಬೇಳೆ ಮಿಲ್ಲು. ಚೀಲ ಎತ್ತುವ ಚೈನ್ ಪುಲ್ಲಿಗೆ ನನ್ನ ಎರಡೂ ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದರು. ಕೆಳಗೆ ತೊಗರಿಯ ರಾಶಿ. ಬಾಚಣಿಗೆ, ಚಿಲ್ಲರೆ, ನೋಕಿಯಾ ಫೋನು... ಎಲ್ಲ ಒಂದೊಂದಾಗಿ ಜೇಬಿನಿಂದ ಜಾರಿ ಆ ರಾಶಿಯಲ್ಲಿ ಮುಳುಗಿದವು.

"ಖರೆ ಹೇಳು! ಯಾರು ಕಳಿಸ್ಯಾರ ನಿನಗ?"

ಕೇಳಿದವನ ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಇತ್ತು. ಮುಖ ನನಗೆ ಉಲ್ಟಾ ಕಾಣುತ್ತಿತ್ತು. ಮೀಸೆ ಮೇಲೆ, ಹುಬ್ಬು ಕೆಳಗೆ. ಆದರೆ ಆ ಮೀಸೆಯನ್ನು ಎಲ್ಲೋ ನೋಡಿದ್ದೇನೆ...

"ಶಂಕರಲಿಂಗ?"

ಅವನು ಬಗ್ಗಿ ನನ್ನ ಮುಖ ನೋಡಿದ. ಪಾನಾ ಕೈಜಾರಿತು.

"ಅಯ್ಯ ಶಿವನ! ಮಾವಾ! ನೀವೇನ್ರಿ?"

ನನ್ನ ಹೆಂಡತಿ ರುಕ್ಮಿಣಿಬಾಯಿಯ ಖಾಸಾ ತಮ್ಮ! ಈ ಮಿಲ್ಲಿನಲ್ಲಿ ವಾಚ್‌ಮನ್ ಆಗಿ ಸೇರಿದ್ದಾನೆಂದು ನನಗೆ ಯಾರೂ ಹೇಳಿರಲಿಲ್ಲ.

"ನಾನೇ ಅಪಾ. ಇಳಸು."

"ಹ್ಯಾಂಗ ಇಳಸಲಿ ಮಾವಾ? ಡ್ಯೂಟಿ ಮ್ಯಾಲ ಇದ್ದೀನಲ್ಲ. ಕಂಪ್ಯೂಟರ್ ರೂಮಿನ ಕಡೆ ಯಾರು ಬಂದ್ರೂ ಹಿಡಿದು ಕಟ್ಟಂತ ಹುಕುಂ ಆಗ್ಯಾದ."

"ಯಾರ ಹುಕುಂ?"

"ಕಂಪ್ಯೂಟರ್ ಕೂಡಿಸಿದ ಪುಣೆ ಕಂಪನಿ ಸಂಜೀವಕುಮಾರ್ ಸಾಹೇಬ್ರದ್ದು. ನೀವು ಒಂದೀಟು ತಡೀರಿ. ಪಾಳಿ ಮುಗಿಯೋ ಭೋಂಗಾ ಹೊಡೀಲಿ. ಡ್ಯೂಟಿ ಮುಗದ ಕೂಡಲೇ ನಾನೇ ಇಳಸ್ತೀನಿ, ಚಾನೂ ಕುಡಸ್ತೀನಿ. ಅಕ್ಕ ಆರಾಮ ಇದ್ದಾಳಲ್ಲ?"

"ಆರಾಮ ಇದ್ದಾಳ! ವಿಧವೆ ಆಗೋ ಹಂತಕ್ಕ ಬಂದಾಳ, ಅಷ್ಟ!"

ನೀವು ನಗುತ್ತಿದ್ದೀರಿ. ನಗಿ ಸ್ವಾಮಿ, ನಗಿ. ಆ ಟಯರಿನ ಮೇಲೆ ಸರಿಯಾಗಿ ಕೂತು ನಗಿ, ಜಾರೀತು.

ನಾನು ಬಂಡೆಪ್ಪ. ಕಳೆದುಹೋದ ಲಾರಿ ಹುಡುಕಿಕೊಡುವುದು ನನ್ನ ಕಸುಬು. ಕಂತು ಕಟ್ಟದೆ ಅಡಗಿಸಿಟ್ಟ ಲಾರಿ, ಡ್ರೈವರ್ ಸಮೇತ ಮಾಯವಾದ ಲಾರಿ... ಸೋಲಾಪುರದಿಂದ ಹೈದರಾಬಾದಿನವರೆಗೆ ಹೈವೇ ಮೇಲೆ ನನ್ನ ಹೆಸರು ಕೇಳಿದರೆ ಕೆಲವರು ಊಟ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ಬೆನ್ನ ಮೇಲೆ ಜಾಕಿಯ ರಾಡಿನ ಗುರುತಿದೆ. ಆದರೆ ಕಂಪ್ಯೂಟರ್ ಕೇಸು? ಎಂದೂ ಮುಟ್ಟಿದವನಲ್ಲ!

ಮುಟ್ಟಿಸಿದ್ದು ತಾಹೇರಾ.

ಹಿಂದಿನ ದಿನ ಬೆಳಿಗ್ಗೆ, ಬಸವಕಲ್ಯಾಣದ ಲಾರಿ ಬಜಾರಿನಲ್ಲಿ ಇದೇ ಅಂಗಡಿಯ ಶಟರ್ ಅರ್ಧ ಎತ್ತಿದ್ದೆ. ಆಕೆ ಬಗ್ಗಿ ಒಳಗೆ ಬಂದಳು. ಪಕ್ಕದಲ್ಲೇ ಆಕೆಯ ಕಂಪ್ಯೂಟರ್ ಸೆಂಟರ್. ಗುಲಬರ್ಗಾದಲ್ಲಿ ಎಂಸಿಎ ಓದಿದವಳು. ನಗುಮುಖದ ಹೆಂಗಸು. ಆ ದಿನ ನಗು ಇರಲಿಲ್ಲ.

"ಬಂಡೆಪ್ಪಣ್ಣಾ, ಒಂದು ಹುಡುಕೋದದ."

"ಯಾವ ಲಾರಿ?"

"ಲಾರಿ ಅಲ್ರಿ, ಪ್ರೋಗ್ರಾಂ."

'ಇಲ್ಲ' ಎನ್ನಲು ಬಾಯಿ ತೆರೆದೆ.

"ನೋಡ್ರಿ ಮತ್ತ... ಬೋಣಿ ಗಿರಾಕಿ ನಾನು."

ಮುಗಿಯಿತು! ಬಾಯಿ ಮುಚ್ಚಿಕೊಂಡೆ. ನಮ್ಮ ಬಜಾರಿನಲ್ಲಿ ದಿನದ ಮೊದಲ ಗಿರಾಕಿಗೆ 'ಇಲ್ಲ' ಅನ್ನುವಂತಿಲ್ಲ. ಅಂದರೆ ಆ ದಿನವಿಡೀ ವ್ಯಾಪಾರ ಇಲ್ಲ. ಗೇರ್ ಬಾಕ್ಸ್ ಇಲ್ಲದಿದ್ದರೆ ಒಂದು ನಟ್ಟಾದರೂ ಕೈಗೆ ಕೊಟ್ಟು 'ಅದ' ಅನ್ನಿಸಿಕೊಳ್ಳಬೇಕು. ಹಿಂದೆ ಇಲ್ಲೇ ಗುಜರಿ ನಡೆಸುತ್ತಿದ್ದ ಸಲಾವುದ್ದೀನ್ ಚಾಚಾ ಆಗಲಿ, ನಾನಾಗಲಿ, ಎಲ್ಲರಿಗೂ ಒಂದೇ ಕಾನೂನು.

"ಹೇಳು ತಂಗಿ," ಎಂದೆ.

ಆಕೆ ಹೇಳಿದಳು. ನನಗೆ ತಿಳಿದಷ್ಟನ್ನು ನಿಮಗೆ ಹೇಳುತ್ತೇನೆ. ಇಲ್ಲಿರುವ ಗುಜರಿಗಳಲ್ಲಿ ಯಾವ ಲಾರಿಯ ಯಾವ ಪಾರ್ಟು ಎಲ್ಲಿ ಬಿದ್ದಿದೆ ಎಂಬುದೆಲ್ಲ ಆಕೆಯ ಒಂದು ದೊಡ್ಡ ಡಿಸ್ಕಿನಲ್ಲಿದೆ. ಒಂದೇ ಗೋದಾಮು ಅಂದುಕೊಳ್ಳಿ. ಹುಡುಕುವವನು ಒಬ್ಬನೇ ಆದರೆ ಗಿರಾಕಿ ಚಾ ಕುಡಿದು ಹೊರಟೇ ಹೋಗುತ್ತಾನೆ. ಅದಕ್ಕೆ ಆಕೆ ನಾಲ್ಕು ಕಂಪ್ಯೂಟರ್ ಕೂಡಿಸಿದಳು. ಪ್ರಶ್ನೆ ಒಂದೇ. ಅದನ್ನು ನಾಲ್ಕು ತುಂಡು ಮಾಡಿ ನಾಲ್ಕೂ ಕಡೆಯಿಂದ ಏಕಕಾಲಕ್ಕೆ ಹುಡುಕಿಸುವುದು. ಒಬ್ಬರ ಕೈ ಇನ್ನೊಬ್ಬರ ಕೈಗೆ ತಾಗಬಾರದು. ಮೊದಲು ಮುಗಿಸಿದವನು ಹಿಂದೆ ಬಿದ್ದವನಿಗೆ ಹೆಗಲು ಕೊಡಬೇಕು. ಇದನ್ನು ಆಕೆ ತೊಂಬತ್ತೊಂಬತ್ತನೇ ಇಸವಿಯಲ್ಲೇ ಮಾಡಿದ್ದಳು. ಇಡೀ ಬಜಾರು ನೋಡಿತ್ತು.

"ಈಗ ಏನಾಗ್ಯಾದ?"

"ಪುಣೆದ ತ್ರಿಧಾರಾ ಕಂಪನಿ ಇದರ ಮ್ಯಾಲ ಪೇಟೆಂಟ್ ತಗೊಂಡದ. ಇದು ನಮ್ದು, ನೀ ಕದ್ದೀದಿ ಅಂತ ನೋಟಿಸ್ ಕಳಿಸ್ಯಾರ. ನಾಳೆ ಮಧ್ಯಾಹ್ನ ಹುಮನಾಬಾದಿನ ಪ್ರವಾಸಿ ಮಂದಿರಕ್ಕ ಅವರ ವಕೀಲರು ಬರ್ತಾರ. ನಾ ಕದ್ದೀನಿ ಅಂತ ನಾನೇ ಸಹಿ ಮಾಡಬೇಕಂತ. ಇಲ್ಲಾಂದ್ರ ಕೋರ್ಟು, ಮಷೀನಿಗೆಲ್ಲಾ ಸೀಲು."

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ತಾಯಿಯಿಂದಲೇ 'ಕೂಸು ನಂದಲ್ಲ' ಎಂದು ಬರೆಸಿಕೊಳ್ಳುವ ದಗಲಬಾಜಿ!

"ಕಂಪನಿಗೆ ಯಾರು ಕೊಟ್ರು?"

"ಇನ್ಯಾರು? ನನ್ನ ಪಾರ್ಟ್ನರ್ ಸಂಜೀವಕುಮಾರ. ಅಗದಿ ಗ್ವಾಡ್, ಜೇನಿನಂಥ ಮಾತಿನಾಂವ! ನೌಕರಿ ಸಿಕ್ಕದ ಅಂತ ಪೇಢಾ ಕೊಟ್ಟು ಪುಣೆಕ್ಕ ಹೋದ. ಬ್ಯಾಗಿನ್ಯಾಗ ನನ್ನ ಪ್ರೋಗ್ರಾಂ ಇತ್ತು."

"ನಿಂದೇ ಅಂತ ತೋರಿಸೋದು ಹ್ಯಾಂಗ?"

ಆಗ ಆಕೆ ಮೊದಲ ಸಲ ನಕ್ಕಳು. ಮಷೀನು ಶುರು ಮಾಡಿದ ಮೊದಲ ದಿನ ಮುಂಜಾನೆ ಸಲಾವುದ್ದೀನ್ ಚಾಚಾ ತನ್ನ ಗಿರಾಕಿಗಾಗಿ ಗೇರ್ ಬಾಕ್ಸ್ ಕೇಳಿದನಂತೆ. ನಾಲ್ಕೂ ಕಂಪ್ಯೂಟರ್ ಹುಡುಕಿ 'ಇಲ್ಲ' ಎಂದವಂತೆ. ಬೋಣಿ ಹೊತ್ತಿನಲ್ಲಿ!

"ಚಾಚಾ ಪ್ಲಗ್ಗೇ ಕಿತ್ತಿ ಒಗೆದ್ರು! ಮನಹೂಸ್ ಮಷೀನು, ಅಪಶಕುನ ಅಂದ್ರು! ಅದಕ್ಕ ನಾ ಒಂದು ಉಪಾಯ ಮಾಡ್ದೆ. ದಿನಾ ಮುಂಜಾನಿ ಮೊದಲನೇ ಪ್ರಶ್ನೆ ಬಂದ ಕೂಡಲೇ, ಮಷೀನು ಅದಕ್ಕಿಂತ ಮುಂಚೆ ತನಗ ತಾನೇ ಒಂದು ಪ್ರಶ್ನೆ ಕೇಳ್ಕೋತದ. ನಿಂಬಿಹಣ್ಣು ಅದ ಏನು ಅಂತ. ಚಾಚಾನ ಗೇಟಿಗೆ ಕಟ್ಟಿದ್ದು ಇದ್ದೇ ಇರ್ತದಲ್ಲ! ಅದ ಅಂತ ಉತ್ತರ ಬರ್ತದ. ಬೋಣಿ ಆಯ್ತು. ಆಮ್ಯಾಲ ಬೇಕಾದಷ್ಟು ಇಲ್ಲ ಅನ್ಲಿ!"

"ಕದ್ದಾಂವ ಅದನ್ನ ತಗದಿರ್ತಾನ."

"ತಗದ್ರ ಪ್ರೋಗ್ರಾಂ ಮುಂದ ಹೋಗಂಗಿಲ್ರಿ. ಪ್ರಶ್ನೆ, ಉತ್ತರ ಎರಡೂ ಪ್ರೋಗ್ರಾಮಿನ ಒಳಗೇ ಹೆಣೆದೀನಿ. ಹುಮನಾಬಾದಿನ ಬೇಳೆ ಮಿಲ್ಲಿಗೆ ತ್ರಿಧಾರಾದವರು ಅದನ್ನೇ ಮಾರ್ಯಾರ. ಮುಂಜಾನಿ ಮೊದಲನೇ ಪ್ರಶ್ನೆ ಹೊತ್ತಿಗೆ ಯಾರರ ಅಲ್ಲಿದ್ದು ನೋಡಬೇಕು."

ಅಂತೂ ಮರುದಿನ ನಸುಕಿನಲ್ಲೇ ನಾನು ಹೋದೆ. ಚೀಲದ ವ್ಯಾಪಾರಿ ಎಂದು ಹೇಳಿ ಒಳಗೆ ನುಗ್ಗಿ, ಕಂಪ್ಯೂಟರ್ ರೂಮಿನ ಗಾಜಿನ ಹಿಂದೆ ಅಡಗಿದೆ. ಅಡಗುವುದರಲ್ಲಿ ನನ್ನಷ್ಟು ಹುಷಾರಿ ಯಾರೂ ಇಲ್ಲ! ಆದರೆ ತೊಗರಿ ಹೊಟ್ಟಿನ ಧೂಳು ಮೂಗಿಗೆ ಹೋಯಿತು. ಸೀನಿದೆ.

ಹೀಗೆ ನೇತಾಡುವ ಸ್ಥಿತಿಗೆ ಬಂದೆ.

ಒಂದು ಒಳ್ಳೆಯದಾಯಿತು. ನನ್ನನ್ನು ನೇತುಹಾಕಿದ್ದು ಅದೇ ಗಾಜಿನ ಎದುರಿಗೆ! ಮುನ್ಷಿ ಬಂದ, ಊದುಬತ್ತಿ ಬೆಳಗಿದ, ನಾಲ್ಕು ಕಂಪ್ಯೂಟರ್ ಶುರು ಮಾಡಿದ. ಏನೋ ಒತ್ತಿದ. ಕಣ್ಣು ಮಿಟುಕಿಸುವಷ್ಟು ಹೊತ್ತು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಉಲ್ಟಾ ಆದರೂ ಓದಿದೆ!

'ನಿಂಬೂ... ಒಂದು... ಸಲಾವುದ್ದೀನ್ ಗುಜರಿ, ಬಸವಕಲ್ಯಾಣ... ಮಾರಾಟಕ್ಕಿಲ್ಲ.'

ಕಂಪ್ಯೂಟರಿನ ನೆತ್ತಿಯ ಮೇಲೆ ಕಂಪನಿಯ ಸ್ಟಿಕ್ಕರ್. ತ್ರಿಧಾರಾ, ಸ್ಥಾಪನೆ 2002.

ಸಲಾವುದ್ದೀನ್ ಚಾಚಾ ಗುಜರಿ ಮುಚ್ಚಿ ದುಬಲಗುಂಡಿಗೆ ಎಮ್ಮೆ ಕಟ್ಟಲು ಹೋದದ್ದು ಎರಡು ಸಾವಿರನೇ ಇಸವಿಯಲ್ಲಿ! ಕಂಪನಿ ಹುಟ್ಟುವ ಮೊದಲೇ ಮುಚ್ಚಿದ ಗುಜರಿಯ ನಿಂಬೆಹಣ್ಣು ಪುಣೆಯವರ ಮಷೀನಿನಲ್ಲಿ ಹೇಗೆ ಬಂತು?

"ಏನ್ ಬಂಡೆಪ್ಪಣ್ಣಾ, ಆಸನ ಹಾಕೀರಿ?"

ಸಂಜೀವಕುಮಾರ! ಸಹಿ ಹಾಕಿಸಲು ಊರಿಗೆ ಬಂದಿದ್ದವನಿಗೆ ಮುನ್ಷಿ ಫೋನು ಮಾಡಿರಬೇಕು. ಬಿಳಿ ಶರ್ಟು, ಸೆಂಟಿನ ವಾಸನೆ, ತುಟಿಯ ಮೇಲೆ ಅದೇ ಜೇನು.

"ಈಗೇ ಇಳಿಸಿ ಬಸ್ಸಿಗೆ ಹತ್ತಸ್ತೀನಿ. ಏನೂ ನೋಡಿಲ್ಲ ಅಂತ ಹೇಳ್ರಿ, ಸಾಕು."

ಸುಮ್ಮನಿರಬೇಕಿತ್ತು. ಆದರೆ ನನ್ನ ಬಾಯಿ ಕೇಳಬೇಕಲ್ಲ!

"ನೋಡೀನಿ ಮಗನ! ಸಲಾವುದ್ದೀನ್ ಚಾಚಾಗ ನಿನ್ನ ಸಲಾಂ ಹೇಳ್ತೀನಿ!"

ಅವನ ಮುಖದ ಜೇನು ಇಳಿದುಹೋಯಿತು. ನನ್ನನ್ನೊಮ್ಮೆ ನೋಡಿದ, ಪರದೆಯನ್ನೊಮ್ಮೆ ನೋಡಿದ. ಹೊರಗೆ ಓಡಿದ. ಸುಮೋ ಗುರ್ರ್ ಎಂದದ್ದು ಕೇಳಿಸಿತು. ದುಬಲಗುಂಡಿಯ ಕಡೆಗೆ! ಚಾಚಾನನ್ನು ಎಲ್ಲಿಗಾದರೂ ಸಾಗಿಸಿಬಿಟ್ಟರೆ ಆ ಒಂದು ಸಾಲಿಗೆ ಸಾಕ್ಷಿಯೇ ಇಲ್ಲ. ತಾಹೇರಾ ಸಹಿ ಮಾಡಲೇಬೇಕು.

"ಶಂಕರಲಿಂಗ! ಇಳಸೋ!"

"ಭೋಂಗಾ ಮಾವಾ..."

"ನಿಮ್ಮ ಅಕ್ಕಗ ಹೇಳ್ತೀನಿ!"

ಅವನು ಅಳುಮುಖ ಮಾಡಿದ. ಅಷ್ಟರಲ್ಲಿ ಭೋಂಗಾ ಹೊಡೆಯಿತು! ಒಂದೇ ಸಲ ಚೈನು ಬಿಟ್ಟ. ತೊಗರಿ ರಾಶಿಯಲ್ಲಿ ತಲೆ ಹೂತು ಬಿದ್ದೆ. ಹಲ್ಲಿನ ಸಂದಿಯಲ್ಲಿ ಸಿಕ್ಕ ತೊಗರಿ ಸಂಜೆಯವರೆಗೂ ಬಂತು.

"ಚಾ ಮಾವಾ?"

"ನಿನ್ನ ಚಾಕ್ಕ ಬೆಂಕಿ ಹತ್ತಲಿ! ಫೋನ್ ಹುಡುಕಿ ಇಡು!"

ನನ್ನ ಎಂ-ಎಯ್ಟಿ ಮೊಪೆಡ್ಡು ಬಡಬಡ ಎನ್ನುತ್ತಾ ದುಬಲಗುಂಡಿ ದಾರಿ ಹಿಡಿಯಿತು. ಸುಮೋ ಮುಂಚೆ ಹೋಗಿದೆ. ಕೆಲಸ ಕೆಟ್ಟಿತು ಅಂದುಕೊಂಡೇ ಹೋದೆ. ಚಾಚಾನ ಮನೆ ಮುಂದೆ ಸುಮೋ ನಿಂತಿತ್ತು. ಮೆಲ್ಲಗೆ ಇಣುಕಿದೆ.

ಸಂಜೀವಕುಮಾರ ಹೊರಸಿನ ಮೇಲೆ ಕೂತಿದ್ದ. ಕೈಯಲ್ಲಿ ಹೊಗೆಯಾಡುವ ದೊಡ್ಡ ಹಿತ್ತಾಳೆ ಗ್ಲಾಸು. ಗಟ್ಟಿ ಎಮ್ಮೆ ಹಾಲು. ಬಾಯಿ ಸುಟ್ಟು ಕಣ್ಣಲ್ಲಿ ನೀರು.

"ಚಾಚಾ, ಅರ್ಜೆಂಟ್ ಅದ. ಬೀದರಕ್ಕ ಹೋಗಣ ನಡೀರಿ..."

"ಮೊದಲ್ ಹಾಲು ಕುಡಿ ಬೇಟಾ. ಮನಿಗ್ ಬಂದಾಂವ ಹಾಂಗೇ ಹೋಗ್ತಾನೇನು? ಸಕ್ಕರಿ ಬೇಕಾ?"

ಅಗೋ! ಎಮ್ಮೆ ಹಾಲು ಕುದಿಸಿ ಅತಿಥಿಯ ಕೈಗೆ ಕೊಟ್ಟರೆ ಯಾವ ಸುಮೋ ಹೊರಡುತ್ತದೆ!

"ಚಾಚಾ!" ನಾನು ಒಳಗೆ ನುಗ್ಗಿದೆ. "ತಾಹೇರಾ ಕರ್ಯಾಕತ್ತಾಳ. ನಿಮ್ಮ ನಿಂಬಿಹಣ್ಣಿಗೆ ಗಂಡಾಂತರ ಬಂದದ!"

ಚಾಚಾ ಎದ್ದ. ಯಾಕೆ, ಏನು ಎಂದು ಕೇಳಲಿಲ್ಲ. ಟೋಪಿ ಹಾಕಿಕೊಂಡ.

"ಸುಮೋದಾಗ ಬರ್ರಿ ಚಾಚಾ! ಎ.ಸಿ. ಅದ!" ಸಂಜೀವ ಕೂಗಿದ.

"ಬ್ಯಾಡಪಾ. ಅದರ ಸೆಕೆಂಡ್ ಗೇರು ಹೋಗ್ಯಾದ. ಬರೋವಾಗ ಕೇಳಸ್ತು," ಎಂದು ಚಾಚಾ ನನ್ನ ಹಿಂದೆ ಕೂತ.

ಓಡಿತು ಎಂ-ಎಯ್ಟಿ!

ಹಿಂದೆ ಸುಮೋ! ಹಾರ್ನು ಹೊಡೆಯುತ್ತಾ ಬಂತು, ಹತ್ತಿರ, ಇನ್ನೂ ಹತ್ತಿರ... ಬಂಪರು ನನ್ನ ಮಡ್‌ಗಾರ್ಡಿಗೆ ತಾಗಿ ಕಟ್ ಎಂದಿತು!

"ನಿಲ್ಸು ಬಂಡೆಪ್ಪ! ಕಾಲು ಮುರೀತೀನಿ!"

ಅಣ್ಣಾ ಹೋಗಿ ಬರೀ ಬಂಡೆಪ್ಪ ಆಗಿದ್ದೆ. ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಹಿಂದೆ ಕೂತ ಚಾಚಾ ಮಾತ್ರ ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಎತ್ತಿ ಸಲಾಂ ಹೇಳುತ್ತಿದ್ದ.

"ಅಸ್ಸಲಾಮು ಅಲೈಕುಂ ಕಾಸಿಂ ಭಾಯ್! ಮಗಳ ಲಗ್ನ ಯಾವಾಗ?"

"ಚಾಚಾ! ಸಾಯಾಕತ್ತೀವಿ!"

"ಯಾಕ ಗಾಬರಿ ಆಗ್ತಿ? ಬಲಗಡೆ ಹೊಲದ ದಾರಿ ಅದ, ತಿರುಗಸು. ಏರು ಅದ ಅಲ್ಲಿ. ಸೆಕೆಂಡ್ ಗೇರ್ ಇಲ್ದ ಹ್ಯಾಂಗ ಏರ್ತಾನ ನೋಡಣ."

ತಿರುಗಿಸಿದೆ! ತೊಗರಿ ಹೊಲದ ಮಧ್ಯೆ ಕಲ್ಲಿನ ಏರು. ಎಂ-ಎಯ್ಟಿ ಉಬ್ಬಸಪಡುತ್ತಾ ಹತ್ತಿತು. ಸುಮೋ ಅರ್ಧ ಹತ್ತಿ, ಕೆಮ್ಮಿ, ಹಿಂದಕ್ಕೆ ಜಾರಿ ಅಡ್ಡಡ್ಡ ನಿಂತುಬಿಟ್ಟಿತು.

"ಗೇರ್ ಬಾಕ್ಸ್ ಬಸವಕಲ್ಯಾಣದಾಗ ಸಿಗ್ತದ ಬೇಟಾ!" ಚಾಚಾ ಹಿಂತಿರುಗಿ ಕೂಗಿದ. ಪಾಪ, ಅವನಿಗೆ ಸಹಾಯ ಮಾಡುವ ಮನಸ್ಸೇ ಇತ್ತು.

ಪ್ರವಾಸಿ ಮಂದಿರದಲ್ಲಿ ತಾಹೇರಾಳ ಮುಂದೆ ಕಾಗದ ಇತ್ತು. ಕೈಯಲ್ಲಿ ಪೆನ್ನು. ಎದುರಿಗೆ ಕಂಪನಿಯ ವಕೀಲೆ, ಪೂನಂ ಎಂದು ಹೆಸರು. ಸೋಲಾಪುರದವಳು, ಕನ್ನಡ ಚೆನ್ನಾಗಿ ಬರುತ್ತಿತ್ತು. ಕೆಟ್ಟವಳಂತೆ ಕಾಣಲಿಲ್ಲ. ಅವಸರದಲ್ಲಿದ್ದಳು, ಅಷ್ಟೆ.

"ತಡೀರಿ!" ಎಂದೆ.

ಇಬ್ಬರೂ ನನ್ನ ತಲೆ ನೋಡಿದರು. ಕೂದಲಲ್ಲಿ ತೊಗರಿ ಇತ್ತು.

"ಮೇಡಂ, ಪೇಟೆಂಟಿನ್ಯಾಗ ಮುಂಜಾನಿ ಪ್ರಶ್ನೆ ಬಗ್ಗೆ ಏನರ ಬರದದ ಏನ್ರಿ?"

ಆಕೆ ಫೈಲು ತೆರೆದಳು. "ಅದ. ದಿನದ ಮೊದಲನೇ ಪ್ರಶ್ನೆಗಿಂತ ಮುಂಚೆ, ಉತ್ತರ ಖಾತ್ರಿ ಇರೋ ಇನ್ನೊಂದು ಪ್ರಶ್ನೆ ನಡೆಸಬೇಕು. ಅದು ನಮ್ಮ ಖಾಸ್ ಶೋಧ. ನಾಲ್ಕೂ ಪ್ರೊಸೆಸರ್ ಹದಕ್ಕ ಬರ್ಲಿ ಅಂತ. ಸಂಜೀವಕುಮಾರ್ ಅವರು ಬಹಳ ವರ್ಷ ತಪಸ್ಸು ಮಾಡ್ಯಾರಂತ."

ತಾಹೇರಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು.

"ನಿಮ್ಮ ಲ್ಯಾಪ್‌ಟಾಪಿನ್ಯಾಗ ಆ ಪ್ರೋಗ್ರಾಂ ಅದ ಏನ್ರಿ? ಇವತ್ತು ಏನರ ಕೇಳೀರೇನು?"

"ಡೆಮೋ ಅದ. ಇವತ್ತು ಇನ್ನಾ ತೆರೆದಿಲ್ಲ."

"ಹಂಗಾದ್ರ ಬೋಣಿ ಆಗ್ಲಿ. ಏನರ ಕೇಳ್ರಿ. ಪರದೆ ಮ್ಯಾಲಿಂದ ಕಣ್ಣು ತಗೀಬ್ಯಾಡ್ರಿ."

ಆಕೆ ಒತ್ತಿದಳು. ಸಾಲು ಬಂತು, ಹೋಯಿತು. ಆಕೆಯ ಹುಬ್ಬು ಗಂಟಿಕ್ಕಿತು. ಬಂದ್ ಮಾಡಿದಳು, ಲ್ಯಾಪ್‌ಟಾಪಿನ ತಾರೀಖು ಒಂದು ದಿನ ಮುಂದಕ್ಕೆ ಹಾಕಿದಳು, ಮತ್ತೆ ಒತ್ತಿದಳು. ಜಾಣೆ! ಈ ಸಲ ಜೋರಾಗಿಯೇ ಓದಿದಳು.

"ನಿಂಬೂ... ಸಲಾವುದ್ದೀನ್ ಗುಜರಿ? ಯಾರಿದು ಸಲಾವುದ್ದೀನ್?"

"ನಾನೇ ರೀ," ಚಾಚಾ ಮುಂದೆ ಬಂದ. "ಗೇಟಿಗೆ ನಿಂಬಿಹಣ್ಣು ನಾನೇ ಕಟ್ಟತಿದ್ದೆ. ಈ ಹುಡುಗಿ ಮಷೀನು ಬೋಣಿ ಟೈಮಿಗೆ ಇಲ್ಲ ಅಂತು ಅಂತ ನಾನೇ ಬೈದಿದ್ದೆ. ಆಮ್ಯಾಲ ನನ್ನ ನಿಂಬಿಹಣ್ಣೇ ಅದರಾಗ ಇಟ್ಟಳು. ಗುಜರಿ ಮುಚ್ಚಿ ಏಳು ವರ್ಷ ಆಯ್ತು. ಹಣ್ಣು ಇನ್ನಾ ಅದ ಏನು?"

"ಮುಚ್ಚಿದ್ದಕ್ಕ ಪುರಾವೆ?"

"ಪುರಸಭೆಗೆ ಲೈಸೆನ್ಸ್ ವಾಪಸ್ ಕೊಟ್ಟೀನಲ್ಲ. ಹೋಗಿ ಕೇಳ್ರಿ."

ಆಕೆ ಅದನ್ನು ಫೈಲಿನಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಸಂಜೀವಕುಮಾರ ಕಾಣಿಸಿಕೊಂಡ. ಬಿಳಿ ಶರ್ಟು ಕೆಂಪು ಮಣ್ಣಾಗಿತ್ತು. ನಾಲಿಗೆ ಸುಟ್ಟು ಮಾತು ತೊದಲುತ್ತಿತ್ತು.

"ಸಂಜೀವಕುಮಾರ್," ಪೂನಂ ಕೇಳಿದಳು, "ಪುಣೆದಾಗ ನಮ್ಮ ಲ್ಯಾಬಿನ್ಯಾಗ ನೀವು ಶೋಧ ಮಾಡಿದ್ದರಾಗ ಬಸವಕಲ್ಯಾಣದ ನಿಂಬಿಹಣ್ಣು ಯಾಕ ಬಂತ್ರಿ?"

"ಅದು... ಮೇಡಂ... ಟೆಸ್ಟ್ ಡೇಟಾ..."

"ತಗದು ತೋರಸ್ರಿ ನೋಡಣ."

ಅವನಿಂದ ಆಗಲಿಲ್ಲ. ತೆಗೆಯಲು ಗೊತ್ತಿದ್ದದ್ದು ಒಬ್ಬಳಿಗೇ. ಆಕೆ ಪೆನ್ನಿನ ಟೊಪ್ಪಿ ಹಾಕಿ, ಕೈಕಟ್ಟಿ ಕೂತಿದ್ದಳು.

ಪೂನಂ ತಾಹೇರಾಳ ಮುಂದಿದ್ದ ಕಾಗದ ತೆಗೆದು ಎರಡು ತುಂಡು ಮಾಡಿದಳು. "ನೋಟಿಸ್ ವಾಪಸ್. ಪೇಟೆಂಟ್ ಬಿಟ್ಟುಕೊಡ್ರಿ ಅಂತ ಕಂಪನಿಗೆ ನಾನೇ ಹೇಳ್ತೀನಿ. ನಿಮಗ ತ್ರಾಸ ಕೊಟ್ಟೀವಿ ತಾಹೇರಾ. ಮಾಫ್ ಮಾಡ್ರಿ."

ತಾಹೇರಾ ಚಾಚಾನ ಕೈ ಹಿಡಿದು ಅತ್ತೇಬಿಟ್ಟಳು. ನಾನೂ ಕಣ್ಣೊರೆಸಿಕೊಂಡೆ. ಧೂಳು ಅಂತ ಹೇಳಿದೆ. ಯಾರೂ ನಂಬಲಿಲ್ಲ.

ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಕೂಡ್ರಿ, ಇನ್ನೂ ಇದೆ.

ತಿಂಗಳು ಕಳೆಯಿತು. ತ್ರಿಧಾರಾದವರು ಪೇಟೆಂಟ್ ಬಿಟ್ಟರು. ಸಂಜೀವನ ಮೇಲೆ ಮೋಸದ ಕೇಸು ಹಾಕಿದರು. ಒಂದು ಮುಂಜಾನೆ ನಾನು ಬಂದು ನೋಡಿದರೆ, ಮುಚ್ಚಿದ ಶಟರಿನ ಮುಂದೆ ಅವನೇ ಕೂತಿದ್ದಾನೆ! ತುಟಿಯ ಮೇಲೆ ಮತ್ತೆ ಜೇನು.

"ಬಂಡೆಪ್ಪಣ್ಣಾ, ಒಂದು ಸಹಾಯ ಬೇಕು. ಆ ಪ್ರೋಗ್ರಾಂ ನಾವಿಬ್ಬರೂ ಕೂಡಿ ಮಾಡಿದ್ದು ಅಂತ ತಾಹೇರಾ ಒಂದು ಮಾತು ಬರದು ಕೊಟ್ರ ನಾ ಉಳೀತೀನಿ. ನೀವು ಹೇಳಿದ್ರ ಕೇಳ್ತಾಳ."

ನನ್ನ ಮುಖ ನೋಡಿ ಮೆಲ್ಲಗೆ ನಕ್ಕ.

"ಬೋಣಿ ಗಿರಾಕಿ ನಾನು. ಇಲ್ಲ ಅನ್ನಂಗಿಲ್ಲ ನೋಡ್ರಿ."

ಬದ್ಮಾಶ್! ನಮ್ಮ ಊರಿನವನಲ್ಲವೇ! ಅದಕ್ಕೇ ಕೋಳಿ ಕೂಗುವ ಮೊದಲೇ ಬಂದು ಕೂತಿದ್ದಾನೆ. ನನ್ನ ಬಾಯಿ ಕಟ್ಟಿಹೋಯಿತು. ಕೈಯಲ್ಲಿ ಕೀಲಿ ಹಿಡಿದು ಕಂಬದಂತೆ ನಿಂತೆ.

ಪಕ್ಕದ ಸೆಂಟರಿನ ಬಾಗಿಲು ತೆರೆಯಿತು. ತಾಹೇರಾ ಕಸಬರಿಗೆ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಬಂಡೆಪ್ಪಣ್ಣಾ," ಆಕೆ ಕೇಳಿದಳು, "ನಿಮ್ಮ ಅಂಗಡ್ಯಾಗ ನಿಂಬಿಹಣ್ಣು ಅದ ಏನ್ರಿ?"

ನಾನು ತಲೆ ಎತ್ತಿದೆ. ಶಟರಿನ ಮೇಲೆ ನಿಂಬೆಹಣ್ಣು ತೂಗುತ್ತಿತ್ತು.

"ಅದ!" ಎಂದು ಕಿತ್ತು ಆಕೆಯ ಕೈಗೆ ಕೊಟ್ಟೆ. ಶಟರ್ ಎತ್ತಿದೆ. ಕುರ್ಚಿ ಒರೆಸಿ ಆರಾಮವಾಗಿ ಕೂತೆ. ಆಮೇಲೆ ಸಂಜೀವಕುಮಾರನ ಕಡೆ ತಿರುಗಿದೆ.

"ಬೋಣಿ ಆಯ್ತು. ಈಗ ಕೇಳಪಾ, ಏನ್ ಬೇಕಿತ್ತು?"

ಅವನು ಕೇಳಿದ.

"ಇಲ್ಲ!" ಎಂದೆ.